ಎಡಕ್ಕೆ ತಿರುಗಿದರೆ ಕೂಗುವ ಫಟಫಟಿ

ನಾನು ಚಿಕ್ಕವನಿದ್ದಾಗ ನಿಮ್ಮ ಮನೆಯಲ್ಲಿ ಎಷ್ಟು ಜನ ಎಂದು ಯಾರಾದರೂ ಕೇಳಿದರೆ ಐದು ಎನ್ನುತ್ತಿದ್ದೆ. ಅಪ್ಪ, ಅವ್ವ, ಅಕ್ಕ, ನಾನು, ಫಟಫಟಿ. ನೀವು ಬೈಕ್ ಅನ್ನುತ್ತೀರಿ. ಹಿರೇಕೊಟ್ನೆಕಲ್‌ನಲ್ಲಿ ಆಗ ಎಲ್ಲರೂ ಫಟಫಟಿ ಎನ್ನುತ್ತಿದ್ದರು. ಅದು ಮಾಡುವ ಸದ್ದೇ ಅದರ ಹೆಸರು.

ಅಪ್ಪ ಎಂದರೆ ನಿಮ್ಮ ಅಜ್ಜ. ಅಕ್ಕ ಎಂದರೆ ನಿಮ್ಮ ಅಮ್ಮ. ಈ ಕಥೆಯನ್ನು ಅಜ್ಜ ನಿಮಗೆ ಹತ್ತು ಸಲ ಹೇಳಿದ್ದಾನೆ. ಹತ್ತು ಸಲವೂ ಒಂದೇ ಕಡೆ ತಪ್ಪು ಹೇಳಿದ್ದಾನೆ. ಅದು ಅವನ ತಪ್ಪಲ್ಲ, ಅವನಿಗೆ ಗೊತ್ತಿಲ್ಲ. ಅದಕ್ಕೇ ಈಗ ನಾನು ಹೇಳುತ್ತೇನೆ.

ಅಪ್ಪ ಲೈನ್‌ಮನ್ ಆಗಿದ್ದ. ಗಾಡಿ ಆಗಲೇ ಹಳೆಯದು, ಅಪ್ಪನಿಗಿಂತ ಎರಡೋ ಮೂರೋ ವರ್ಷ ಚಿಕ್ಕದು ಅಷ್ಟೇ. ಕಪ್ಪು ಟ್ಯಾಂಕು, ಅದರ ಮೇಲೆ ಅಪ್ಪನ ಮೊಣಕಾಲು ತಾಗಿ ತಾಗಿ ಬಣ್ಣ ಹೋದ ಎರಡು ಮಚ್ಚೆ. ಹೆಡ್‌ಲೈಟಿನ ತಲೆಯ ಮೇಲೆ ಒಂದು ಸಣ್ಣ ಗಾಜು, ಅದರೊಳಗೆ ಒಂದು ಮುಳ್ಳು. ಬ್ಯಾಟರಿಗೆ ಕರೆಂಟ್ ಹೋಗುತ್ತಿದ್ದರೆ ಮುಳ್ಳು ಬಲಕ್ಕೆ ಬಾಗುತ್ತಿತ್ತು. ಬ್ಯಾಟರಿ ಖಾಲಿಯಾಗುತ್ತಿದ್ದರೆ ಎಡಕ್ಕೆ. ನಾನು ಟ್ಯಾಂಕಿನ ಮೇಲೆ ಕೂತು ಆ ಮುಳ್ಳನ್ನೇ ನೋಡುತ್ತಿದ್ದೆ. ಪೆಟ್ರೋಲ್ ವಾಸನೆ, ಅಪ್ಪನ ಬೆವರಿನ ವಾಸನೆ, ಬಿಸಿ ಸೈಲೆನ್ಸರಿನ ವಾಸನೆ ಮೂರೂ ಸೇರಿ ಮೂಗಿಗೆ ಬರುತ್ತಿತ್ತು. ಇವತ್ತಿಗೂ ನನಗೆ ಅದಕ್ಕಿಂತ ಒಳ್ಳೆಯ ವಾಸನೆ ಗೊತ್ತಿಲ್ಲ.

ಅಕ್ಕ ಮಾನ್ವಿಯಲ್ಲಿ ಕಾಲೇಜು ಓದುತ್ತಿದ್ದಳು. ಬೆಳಗಿನ ಬಸ್ಸು ಕಾಲೇಜಿನ ಗಂಟೆ ಹೊಡೆದ ಮೇಲೆ ಮಾನ್ವಿ ಮುಟ್ಟುತ್ತಿತ್ತು. ಹಾಗಾಗಿ ಅಪ್ಪನೇ ಫಟಫಟಿಯ ಮೇಲೆ ಬಿಟ್ಟು ಬರುತ್ತಿದ್ದ, ಸಂಜೆ ಕರೆದುಕೊಂಡು ಬರುತ್ತಿದ್ದ. ಆ ವರ್ಷ ಗಾಡಿ ಕೈಕೊಡಲು ಶುರುಮಾಡಿತು. ಓಡುವಾಗ ಓಡುತ್ತಿತ್ತು. ಎಮ್ಮೆ ಅಡ್ಡ ಬಂದು ನಿಲ್ಲಿಸಿದರೆ ಸಾಕು, ಎರಡು ಸಲ ಕೆಮ್ಮಿ ಆಫ್ ಆಗುತ್ತಿತ್ತು. ಮತ್ತೆ ಸ್ಟಾರ್ಟ್ ಮಾಡಲು ಅಪ್ಪ ಇಪ್ಪತ್ತು ಸಲ ಕಿಕ್ ಹೊಡೆಯಬೇಕು. ಹಾರ್ನ್ ಒತ್ತಿದರೆ ನೆಗಡಿ ಬಂದವರ ಹಾಗೆ ಸದ್ದು. ಅಕ್ಕ ಬಸ್ಸಿಗಿಂತ ತಡವಾಗಿ ಕಾಲೇಜು ಮುಟ್ಟಿದ ದಿನಗಳೂ ಇದ್ದವು.

ಅಪ್ಪ ಬ್ಯಾಟರಿಯದೇ ತಪ್ಪು ಅಂದ. ಅವನಿಗೆ ಗೊತ್ತಿದ್ದದ್ದು ಕರೆಂಟ್, ಹಾಗಾಗಿ ಅವನಿಗೆ ಎಲ್ಲ ರೋಗವೂ ಕರೆಂಟಿನದೇ. ಬ್ಯಾಟರಿ ಬಿಚ್ಚಿ ಮಾನ್ವಿಗೆ ಒಯ್ದು ಚಾರ್ಜ್ ಮಾಡಿಸಿ ತಂದ. ಮೂರು ದಿನ ಸರಿ, ನಾಲ್ಕನೇ ದಿನ ಮತ್ತೆ ಅದೇ ನೆಗಡಿ. ಅವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು, "ಊರಿಗೆಲ್ಲ ಕರೆಂಟ್ ಕೊಡ್ತೀರಿ, ನಿಮ್ಮ ಗಾಡಿಗಿ ಒಂದು ದೀಪ ಹಚ್ಚಾಕ ಆಗವಲ್ದು ನೋಡ್ರಿ." ಅಪ್ಪ ಎರಡು ದಿನ ಅವ್ವನ ಜೊತೆ ಮಾತಾಡಲಿಲ್ಲ.

ಮಾನ್ವಿಯ ಮೆಕ್ಯಾನಿಕ್‌ನನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಅವನು ಬ್ಯಾಟರಿ ಚೆನ್ನಾಗಿದೆ, ಕಾರ್ಬೋರೇಟರಿನಲ್ಲಿ ಕಸ ಬಂದಿದೆ ಅಂದ. ಬಿಚ್ಚಿ ತೊಳೆದ, ಬಾಯಲ್ಲಿ ಊದಿದ, ಮತ್ತೆ ಹಾಕಿದ. ಅವನ ಅಂಗಡಿ ನಮ್ಮ ಅಡುಗೆಮನೆಯಷ್ಟು ಸಣ್ಣದು. ಹ್ಯಾಂಡಲ್ ಎಡಕ್ಕೆ ತಿರುಗಿಸಿ ನಿಲ್ಲಿಸಿದರೆ ಮಾತ್ರ ಗಾಡಿ ಒಳಗೆ ಹಿಡಿಯುತ್ತಿತ್ತು. ಇದನ್ನು ನೆನಪಿಟ್ಟುಕೊಳ್ಳಿ. ಗಾಡಿ ಅವನ ಅಂಗಡಿಯಲ್ಲಿ ಸ್ಟಾರ್ಟ್ ಆದ ಕೂಡಲೇ ಜೋರಾಗಿ ಕೂಗುತ್ತಿತ್ತು. ಅವನು ಒಂದು ಸಣ್ಣ ಸ್ಕ್ರೂ ತಿರುಗಿಸಿ ಸ್ಲೋ ಮಾಡುತ್ತಿದ್ದ. ಗಾಡಿ ನಿಂತಿದ್ದಾಗ ಇಂಜಿನ್ ಎಷ್ಟು ಮೆಲ್ಲಗೆ ತಿರುಗಬೇಕು ಅನ್ನುವುದನ್ನು ಆ ಸ್ಕ್ರೂ ಹೇಳುತ್ತದೆ. ಅಂಗಡಿಯಲ್ಲಿ ಡುಗ್ ಡುಗ್ ಎಂದು ಚಂದ ಸದ್ದು ಮಾಡುತ್ತಿತ್ತು. ಅಪ್ಪ ಖುಷಿಯಿಂದ ಹೊರಗೆ ತಂದು ಹ್ಯಾಂಡಲ್ ನೆಟ್ಟಗೆ ಮಾಡಿದರೆ ಆಫ್. ಉಸ್ತಾದ್ ಹಣೆ ಬಡಿದುಕೊಂಡ. ಲೈನ್‌ಮನ್ ಸಾಬ್, ನಿಮ್ಮ ಗಾಡಿಗೆ ನಮ್ಮ ಅಂಗಡಿ ಅಂದರೆ ಪ್ರೀತಿ, ಬಿಟ್ಟು ಹೋಗಲು ಮನಸ್ಸಿಲ್ಲ ಅಂದ.

ಕೊನೆಗೆ ಅಪ್ಪ ತೀರ್ಮಾನ ಮಾಡಿಬಿಟ್ಟ. ಗಾಡಿಯನ್ನು ಗುಜರಿಗೆ ಹಾಕುವುದು. ಅಕ್ಕ ದೇವದುರ್ಗದಲ್ಲಿ ಅತ್ತೆಯ ಮನೆಯಲ್ಲಿದ್ದು ಅಲ್ಲಿಯ ಕಾಲೇಜಿಗೆ ಹೋಗುವುದು. ರಾಯಚೂರಿನ ಗುಜರಿಯವನು ಭಾನುವಾರ ಸಂಜೆ ಬರುತ್ತೇನೆ ಅಂದಿದ್ದ. ಶನಿವಾರ ಅವ್ವ ಅಕ್ಕನ ಟ್ರಂಕು ಒರೆಸಿ ಬಿಸಿಲಿಗೆ ಇಟ್ಟಳು. ನಾನು ಅದರ ಮುಚ್ಚಳ ತೆಗೆದು ಒಳಗೆ ಕೂತೆ. ಏಳು ಎಂದರೆ ಏಳಲಿಲ್ಲ. ರಾತ್ರಿ ಹೊದಿಕೆ ಎಳೆದುಕೊಂಡು ಜಗಳ ಮಾಡಲು, ಲೆಕ್ಕ ತಪ್ಪಾದರೆ ತಲೆಗೆ ಮೊಟಕಲು ನನಗೆ ಇದ್ದದ್ದು ಅವಳೊಬ್ಬಳೇ.

ಭಾನುವಾರ ಊಟದ ನಂತರ ಅಪ್ಪ ಅಂಗಳದ ಬೇವಿನ ಮರದ ಕೆಳಗೆ ಕೊನೆಯ ಸಲ ಗಾಡಿ ಬಿಚ್ಚಿ ಕೂತ. ಬ್ಯಾಟರಿಯ ತುದಿಗಳಲ್ಲಿ ಬಿಳಿ ಪುಡಿ ಕಟ್ಟಿತ್ತು. ಬಿಸಿನೀರು ಹಾಕಿ ಹಳೆಯ ಬ್ರಷ್‌ನಿಂದ ತಿಕ್ಕಿದ. ಬ್ಯಾಟರಿ ನೀರು ಹನಿ ಹನಿಯಾಗಿ ತುಂಬಿದ. ವೈರುಗಳನ್ನು ಬಿಗಿ ಮಾಡಿದ. ಅಕ್ಕ ಕಟ್ಟೆಯ ಮೇಲೆ ಪುಸ್ತಕ ಹಿಡಿದು ಕೂತಿದ್ದಳು, ಆದರೆ ಪುಟ ತಿರುವುತ್ತಿರಲಿಲ್ಲ. ನಾನು ಗಾಡಿ ಬೀಳದಂತೆ ಹಿಂದೆ ಹಿಡಿದು ನಿಂತಿದ್ದೆ.

ಅಪ್ಪ ಕಿಕ್ ಹೊಡೆದ. ಸ್ಟಾರ್ಟ್ ಆಯಿತು, ಸತ್ತಿತು. ಸ್ಕ್ರೂ ಬಿಗಿ ಮಾಡಿದ. ಈಗ ಆಫ್ ಆಗದೆ ಡುಗ್ ಡುಗ್ ಎಂದಿತು. ಗೇಟಿನ ಕಡೆ ಹೊರಳಿಸಲು ಹ್ಯಾಂಡಲ್ ಎಡಕ್ಕೆ ತಿರುಗಿಸಿದ. ಗಾಡಿ ಇದ್ದಕ್ಕಿದ್ದಂತೆ ಕೂಗಿತು, ಕೋಳಿಗಳು ಚದುರಿದವು. ಅಪ್ಪ ಬೈಯುತ್ತ ಸ್ಕ್ರೂ ಸಡಿಲ ಮಾಡಿದ. ನೆಟ್ಟಗೆ ಮಾಡಿದ, ಸತ್ತಿತು. ಮತ್ತೆ ಬಿಗಿ ಮಾಡಿದ, ತಿರುಗಿಸಿದ, ಕೂಗಿತು. ಐದಾರು ಸಲ ಇದೇ ಆಟ. ಆಮೇಲೆ ಅವನು ಸ್ಕ್ರೂಡ್ರೈವರ್ ನೆಲಕ್ಕೆ ಬಿಸಾಕಿ ನೀರು ಕುಡಿಯಲು ಎದ್ದ.

ಅಕ್ಕ ಪುಸ್ತಕ ಮುಚ್ಚಿದಳು. "ಯಪ್ಪಾ, ಇದು ಎಡಕ್ಕ ತಿರುಗಿಸಿದ್ರ ಕೂಗ್ತದ, ನೆಟ್ಟಗ ಮಾಡಿದ್ರ ಸಾಯ್ತದ. ಹ್ಯಾಂಡಲ್ ಯಾ ಕಡಿ ಅದ ಅಂತ ಇಂಜಿನ್‌ಗೆ ಹೆಂಗ ಗೊತ್ತಾಗ್ತದ?"

ಅಪ್ಪ ಚೊಂಬು ಹಿಡಿದು ಹಾಗೇ ನಿಂತ. ಬ್ಯಾಟರಿಗೆ ಹ್ಯಾಂಡಲ್ ಗೊತ್ತಿಲ್ಲ. ಕಾರ್ಬೋರೇಟರಿಗೂ ಗೊತ್ತಿಲ್ಲ. ಎಷ್ಟು ಜೋರಾಗಿ ತಿರುಗಬೇಕು ಎಂದು ಹ್ಯಾಂಡಲ್‌ನಿಂದ ಇಂಜಿನ್‌ಗೆ ಹೇಳುವುದು ಒಂದೇ, ಎಕ್ಸಲೇಟರ್ ವೈರು.

ಆ ವೈರಿನ ಮೇಲೆ ಏನಿದೆ ಎಂದು ನನಗೆ ಗೊತ್ತಿತ್ತು.

ನಮ್ಮ ಕಡೆ ಅಮಾವಾಸ್ಯೆ ಬಂದರೆ ಗಾಡಿಯ ಹ್ಯಾಂಡಲ್‌ಗೆ ದೃಷ್ಟಿ ದಾರ ಕಟ್ಟುತ್ತಾರೆ. ನೀವೂ ನೋಡಿದ್ದೀರಿ, ಕರಿ ದಾರ, ಲಿಂಬೆಹಣ್ಣು, ನಾಲ್ಕು ಹಸಿಮೆಣಸಿನಕಾಯಿ. ಅಪ್ಪನಿಗೆ ಅದರಲ್ಲಿ ನಂಬಿಕೆ ಇರಲಿಲ್ಲ, ಅವ್ವನಿಗೆ ಇತ್ತು. ಅಪ್ಪ ಕಂಬ ಹತ್ತುವವನು, ರಸ್ತೆ ತಿರುಗುವವನು. ಹಾಗಾಗಿ ಅಪ್ಪ ಏಳುವ ಮೊದಲೇ ದಾರ ಕಟ್ಟುವ ಕೆಲಸವನ್ನು ಅವ್ವ ನನಗೆ ಕೊಟ್ಟಿದ್ದಳು. ಹಳೆಯ ದಾರ ಬಿಚ್ಚಿ, ಕಾಲುವೆಯ ಹರಿಯುವ ನೀರಿಗೆ ಬಿಟ್ಟು, ಬಂದು ಹೊಸದು ಕಟ್ಟಬೇಕು. ಕಾಲುವೆಯ ಹಾದಿಯಲ್ಲಿ ಒಂದು ಕೆಂಪು ನಾಯಿ ಇತ್ತು. ನನಗೆ ಅದನ್ನು ಕಂಡರೆ ಪ್ರಾಣ ಹೋಗುತ್ತಿತ್ತು. ಹಾಗಾಗಿ ನಾನು ಲಿಂಬೆಹಣ್ಣನ್ನಷ್ಟೇ ಕಿತ್ತು ಬೇಲಿಗೆ ಎಸೆದು, ಹಳೆಯ ದಾರದ ಮೇಲೇ ಹೊಸ ದಾರ ಸುತ್ತುತ್ತಿದ್ದೆ. ಕಾಲುವೆಗೆ ಬಿಟ್ಟೆಯಾ ಎಂದು ಅವ್ವ ಕೇಳಿದರೆ ಹೂಂ ಅನ್ನುತ್ತಿದ್ದೆ. ಒಂದು ವರ್ಷದ ದಾರ ಹಾಗೆ ಸೇರಿತ್ತು. ಲಿಂಬೆರಸ, ಎಣ್ಣೆ, ಧೂಳು ಕುಡಿದು ಅದು ಹಗ್ಗದಂತೆ ಗಟ್ಟಿಯಾಗಿತ್ತು. ಅದರ ಕೆಳಗೆ ಎಕ್ಸಲೇಟರ್ ವೈರು ಹ್ಯಾಂಡಲ್‌ಗೆ ಅಂಟಿಕೊಂಡು ಅಲುಗಾಡದಂತೆ ಸಿಕ್ಕಿಹಾಕಿಕೊಂಡಿತ್ತು. ಹ್ಯಾಂಡಲ್ ಎಡಕ್ಕೆ ತಿರುಗಿದರೆ ವೈರು ಜಗ್ಗುತ್ತಿತ್ತು, ಇಂಜಿನ್ ಕೂಗುತ್ತಿತ್ತು. ಉಸ್ತಾದ್ ಸ್ಕ್ರೂ ತಿರುಗಿಸಿ ಆ ಕೂಗು ಇಳಿಸಿದರೆ, ನೆಟ್ಟಗಿನ ರಸ್ತೆಯಲ್ಲಿ ಇಂಜಿನ್‌ಗೆ ಉಸಿರೇ ಸಾಲುತ್ತಿರಲಿಲ್ಲ. ಅಷ್ಟು ಮೆಲ್ಲಗೆ ತಿರುಗುವ ಇಂಜಿನ್ ಬ್ಯಾಟರಿಗೆ ಕರೆಂಟ್ ಎಲ್ಲಿಂದ ಕೊಡಬೇಕು? ಮೇಲಿಂದ ಅಪ್ಪ ದಾರಿಯಲ್ಲಿ ಹೊಡೆಯುವ ಕಿಕ್‌ಗಳಿಗೂ ಕಿಡಿ ಹಾರಲು ಬ್ಯಾಟರಿಯೇ ಬೇಕು. ಬಡ ಬ್ಯಾಟರಿ ಏನೂ ತಪ್ಪು ಮಾಡದೆ ಬೈಸಿಕೊಂಡಿತ್ತು.

ಅಕ್ಕ ವೈರಿನ ಮೇಲೆ ಬೆರಳಿಟ್ಟು ಮೆಲ್ಲಗೆ ಸರಿಸುತ್ತ ಬಂದಳು. ದಾರದ ಗಂಟಿನ ಹತ್ತಿರ ಬೆರಳು ನಿಂತಿತು. ಅವಳು ನನ್ನ ಮುಖ ನೋಡಿದಳು. ಒಂದೇ ಸಲ ನೋಡಿದಳು, ಸಾಕಾಯಿತು. ನನ್ನ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು.

ಅಪ್ಪನೂ ಬಗ್ಗಿ ನೋಡಿದ. "ಇದನ್ಯಾರು ಹಿಂಗ ಬಿಗಿದಾರ?"

"ನಾನ, ಯಪ್ಪಾ," ಅಂದಳು ಅಕ್ಕ. "ಅಮಾಸಿಗೊಮ್ಮಿ ನಾನ ಕಟ್ತಿದ್ದೆ. ಹಳೇದು ಬಿಚ್ಚಿದ್ದಿಲ್ಲ."

ಅಪ್ಪ ಅವಳನ್ನು ದಿಟ್ಟಿಸಿದ. ಆಮೇಲೆ ನಗಲು ಶುರುಮಾಡಿದ, ನಿಲ್ಲಿಸಲಿಲ್ಲ. ಕಾಲೇಜು ಕಲಿತ ಮಗಳು ಅಪ್ಪನ ಗಾಡಿಯ ಕುತ್ತಿಗೆ ಹಿಸುಕಿದಳಂತೆ ಎಂದು ಅವ್ವನನ್ನು ಕೂಗಿ ಕರೆದ. ಅವ್ವ ಕೈಯಲ್ಲಿ ಕುಡುಗೋಲು ಹಿಡಿದು ಬಂದಳು. ದಾರ ನೋಡಿದಳು, ಅಕ್ಕನನ್ನು ನೋಡಿದಳು, ಮೂಗು ಒರೆಸಿಕೊಳ್ಳುತ್ತಿದ್ದ ನನ್ನನ್ನು ನೋಡಿದಳು. ಕುಡುಗೋಲಿನಿಂದ ದಾರ ಕೊಯ್ದಳು. ಮುಂದಿನ ಅಮಾವಾಸ್ಯೆಯಿಂದ ನಂಬರ್ ಪ್ಲೇಟಿಗೆ ಕಟ್ಟೋಣ ಅಂದಳು. ಕೊಯ್ದ ದಾರದ ಗಂಟನ್ನು ನನ್ನ ಕೈಗೆ ಇಟ್ಟಳು.

"ಹೋಗು, ಕಾಲುವಿಗಿ ಬಿಟ್ಟು ಬಾ. ನಾ ಇಲ್ಲೇ ನಿಂತು ನೋಡ್ತೀನಿ."

ನಾನು ಗೇಟು ದಾಟುವಷ್ಟರಲ್ಲಿ ಅಕ್ಕ ಹಿಂದೆ ಬಂದಳು. ಕೆಂಪು ನಾಯಿ ಎದ್ದು ನಿಂತಿತು. ಅಕ್ಕ ಕಲ್ಲು ಎತ್ತಿಕೊಂಡಂತೆ ಮಾಡಿದಳು, ಅದು ಮಲಗಿತು. ಅಷ್ಟೇ ನೋಡಿ, ಒಂದು ವರ್ಷದ ಭಯ. ದಾರ ಕಾಲುವೆಯ ಕೆಸರು ನೀರಿನಲ್ಲಿ ಹಾವಿನ ಹಾಗೆ ತಿರುಗಿ ತಿರುಗಿ ಹೋಯಿತು. ಯಾಕೆ ನಿನ್ನ ಮೇಲೆ ಹಾಕಿಕೊಂಡೆ ಎಂದು ಕೇಳಿದೆ.

"ನೀ ಅಂದಿದ್ರ ಅಪ್ಪ ಬಡೀತಿದ್ದ. ನಾ ಅಂದೆ, ನಕ್ಕ," ಅಂದಳು. "ನನಗರ ದೇವದುರ್ಗಕ್ಕ ಹೋಗಾಕ ಎಲ್ಲಿ ಮನಸಿತ್ತು?"

ನಾವು ವಾಪಸ್ಸು ಬರುವಾಗ ದೂರದಿಂದಲೇ ಸದ್ದು ಕೇಳಿಸಿತು. ಡುಗ್, ಡುಗ್, ಡುಗ್. ಅಂಗಳದಲ್ಲಿ ಅಪ್ಪ ಹ್ಯಾಂಡಲ್ ಎಡಕ್ಕೆ ತಿರುಗಿಸುತ್ತಿದ್ದ, ಬಲಕ್ಕೆ ತಿರುಗಿಸುತ್ತಿದ್ದ, ಮಗುವಿನಂತೆ. ಸದ್ದು ಬದಲಾಗುತ್ತಿರಲಿಲ್ಲ. ಗಾಜಿನೊಳಗಿನ ಮುಳ್ಳು ನಡುವಿನಲ್ಲಿ ಅಲುಗುತ್ತ ನಿಂತಿತ್ತು. ಸಂಜೆ ಗುಜರಿಯವನು ಬಂದ, ಕಿವಿಗೊಟ್ಟು ಕೇಳಿದ, ಇದು ಗುಜರಿ ಅಲ್ಲರೀ ಅಂದ. ಚಹಾ ಕುಡಿದು ಹೋದ. ಅವ್ವ ಟ್ರಂಕಿನಲ್ಲಿ ಜೋಳ ತುಂಬಿ ಇಟ್ಟಳು. ಅಕ್ಕ ಕಾಲೇಜಿನ ಎರಡು ವರ್ಷವೂ ಅದೇ ಫಟಫಟಿಯ ಮೇಲೆ ಮಾನ್ವಿಗೆ ಹೋದಳು. ಸಂಜೆ ಕಾಲುವೆಯ ಸೇತುವೆ ಹತ್ತಿರ ಆ ಸದ್ದು ಕೇಳಿದರೆ ಅವ್ವ ಹಂಚು ಒಲೆಯ ಮೇಲೆ ಇಡುತ್ತಿದ್ದಳು, ಬಿಸಿ ರೊಟ್ಟಿಗೆ.

ಈಗ ನಿಮ್ಮ ಅಮ್ಮ ರಾಯಚೂರಿನಲ್ಲಿ ಮಕ್ಕಳಿಗೆ ವಿಜ್ಞಾನ ಕಲಿಸುತ್ತಾಳೆ. ಅವಳ ಸ್ಕೂಟರಿಗೆ ಪೆಟ್ರೋಲ್ ಇಲ್ಲ, ಕಿಕ್ ಇಲ್ಲ, ಸದ್ದೂ ಇಲ್ಲ. ಬ್ಯಾಟರಿ ಎಷ್ಟಿದೆ ಎಂದು ಮೊಬೈಲೇ ಹೇಳುತ್ತದೆ. ಅಮ್ಮ ಎಲ್ಲಿದ್ದಾಳೆ ಎಂದೂ ನೀವು ಮೊಬೈಲ್‌ನಲ್ಲೇ ನೋಡುತ್ತೀರಿ. ಒಳ್ಳೆಯದೇ. ನಾವು ಕಿವಿಯಿಂದ ನೋಡುತ್ತಿದ್ದೆವು, ಅಷ್ಟೇ ವ್ಯತ್ಯಾಸ. ಫಟಫಟಿ ನನ್ನ ಗ್ಯಾರೇಜಿನಲ್ಲಿದೆ. ಯಾರದೇ ಗಾಡಿ ರಿಪೇರಿಗೆ ಬರಲಿ, ನಾನು ಮೊದಲು ಹ್ಯಾಂಡಲ್ ಎಡಕ್ಕೆ ಬಲಕ್ಕೆ ತಿರುಗಿಸಿ ನೋಡುತ್ತೇನೆ, ಆಮೇಲೇ ಪಾನಾ ಹಿಡಿಯುತ್ತೇನೆ.

ಹೋದ ವಾರ ಅಜ್ಜ ಮತ್ತೆ ಈ ಕಥೆ ಹೇಳಿದ. ಗಾಡಿಯ ಕುತ್ತಿಗೆ ಹಿಸುಕಿದ ಅಮ್ಮ ಎಂದು ನೀವಿಬ್ಬರೂ ಬಿದ್ದು ಬಿದ್ದು ನಕ್ಕಿರಿ. ಅವಳು ಅಡುಗೆಮನೆಯಲ್ಲಿ ಸುಮ್ಮನೆ ನಗುತ್ತಿದ್ದಳು, ನನ್ನ ಕಡೆ ನೋಡಲೂ ಇಲ್ಲ. ಅಜ್ಜ ಈಗ ಬಡಿಯುವ ವಯಸ್ಸಿನಲ್ಲಿಲ್ಲ. ಹಾಗಾಗಿ ಹೇಳಿಬಿಡುತ್ತೇನೆ. ದಾರ ಕಟ್ಟಿದ್ದು ನಾನು. ಹೋಗಿ ಅಮ್ಮನನ್ನು ಕೇಳಿ. ಅವಳು ಇಲ್ಲ, ನಾನೇ ಕಟ್ಟಿದ್ದು ಅನ್ನುತ್ತಾಳೆ. ನಂಬಬೇಡಿ.