ಚಾಚಾ ಗಾಡಿ ನಿಲ್ಲಿಸುತ್ತಿದ್ದ ಗಲ್ಲಿ

ಚಾಚಾರ ಬಲಗೈ ಎಡಗೈಗಿಂತ ಎರಡು ಪಟ್ಟು ಕಪ್ಪು. ಮೂವತ್ತು ವರ್ಷ ಕಿಟಕಿಯ ಮೇಲೆ ಮೊಣಕೈಯೂರಿ ಟೆಂಪೋ ಓಡಿಸಿದ್ದರ ಗುರುತು ಅದು.

ಯಶವಂತಪುರಕ್ಕೆ ಮೆಟ್ರೋ ಬಂದ ವರ್ಷ ನಾನು ಅಲ್ಲಿನ ಮಾರ್ಕೆಟ್ ಯಾರ್ಡಿನ ಈರುಳ್ಳಿ ಮಂಡಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕೂರುತ್ತಿದ್ದೆ. ಮಾಲೀಕರು ಗಾಡಿಗಳಿಗೆಲ್ಲ ಜಿಪಿಎಸ್ ಡಬ್ಬಿ ಹಾಕಿಸಿದ್ದರು. ಯಾವ ಗಾಡಿ ಎಲ್ಲೆಲ್ಲಿ ನಿಂತಿತು ಎಂದು ದಿನಾ ಪ್ರಿಂಟ್ ತೆಗೆದು, ಡ್ರೈವರುಗಳಿಗೆ ನಾಚಿಕೆಯಾಗಲೆಂದು ಗೋಡೆಗೆ ಅಂಟಿಸುವುದು ನನ್ನ ಕೆಲಸ. ಡಬ್ಬಿ ಕೂರಿಸಿದ ದಿನ ಚಾಚಾ ಅದನ್ನು ಹಾವು ನೋಡಿದಂತೆ ನೋಡಿ, ಇದು ಕಂಡದ್ದನ್ನು ಯಾರ್ಯಾರು ನೋಡುತ್ತಾರೆ ಎಂದು ಕೇಳಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದುಕೊಂಡೆ.

ಅನುಮಾನಕ್ಕೆ ಆಧಾರವೂ ಸಿಕ್ಕಿತು. ಸರಕು ಇಳಿಸಿದ ಮೇಲೆ ಗಾಡಿಯ ತಳದಲ್ಲಿ ಉಳಿದ ಈರುಳ್ಳಿ ಡ್ರೈವರಿಗೆ ಸೇರಿದ್ದು. ಯಾರ್ಡಿನ ಹಳೇ ಪದ್ಧತಿ. ಆದರೆ ಆರ್.ಟಿ. ನಗರದಲ್ಲಿ ಮನೆಯಿದ್ದ ಚಾಚಾರ ಗಾಡಿ ವಾರಕ್ಕೆ ಮೂರು ದಿನ ಮತ್ತಿಕೆರೆಯ ಒಂದೇ ಗಲ್ಲಿಯಲ್ಲಿ ನಿಲ್ಲುತ್ತಿತ್ತು. ಚೀಲವನ್ನೇ ಹಾರಿಸುತ್ತಿದ್ದಾರೆಂದು ತೀರ್ಮಾನಿಸಿದೆ. ಮನೆಯ ಗುರುತು ಸಿಗುವಷ್ಟು ನಕ್ಷೆಯನ್ನು ದೊಡ್ಡದು ಮಾಡಿ, ಕೆಂಪು ಸುತ್ತು ಹಾಕಿ ಅಂಟಿಸಿದೆ. ಪತ್ತೇದಾರಿ ಮಾಡಿದ ಹೆಮ್ಮೆ ಬೇರೆ.

ಮಧ್ಯಾಹ್ನ ಚಾಚಾ ಒಳಗೆ ಬಂದಾಗ ನಮ್ಮ ಹಮಾಲಿಯೊಬ್ಬ ಆ ನಕ್ಷೆಯ ಮೇಲೆ ಬೆರಳಾಡಿಸುತ್ತ ನಿಂತಿದ್ದ. ಅವನ ಹೊಡೆತ ತಾಳದೆ ಹೆಂಡತಿ ಮನೆ ಬಿಟ್ಟಿದ್ದಳು. ಹಿಂದೊಮ್ಮೆ ಅವನ ಕೈ ಹಿಡಿದು ತಡೆದವರು ಚಾಚಾ ಒಬ್ಬರೇ. ಅವಳೆಲ್ಲಿದ್ದಾಳೆಂದು ಚಾಚಾರಿಗೆ ಗೊತ್ತೆಂಬ ಗುಮಾನಿ ಅವನಿಗೆ ಮೊದಲಿನಿಂದಲೂ ಇತ್ತು.

ಅವನು ಲೋಡಿಗೆ ಹೋದ ಮೇಲೆ ಚಾಚಾ ಗಾಡಿಯ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟರು. ದನಿ ಏರಿಸಲಿಲ್ಲ.

"ಅವ್ನ ಹೆಂಡ್ತಿ ಅಲ್ಲಿ ಕಾಲೇಜ್ ಹುಡುಗ್ರಿಗೆ ಅಡುಗೆ ಮಾಡ್ಕೊಂಡ್ ಬದುಕ್ತಿದ್ಲು ಮೇಡಂ, ನನ್ ಪಾಲಿನ ಈರುಳ್ಳಿ ಅವ್ಳಿಗ್ ಕೊಡ್ತಿದ್ದೆ. ಗಾಡಿ ನಿಮ್ದು, ನೋಡ್ಕೊಳ್ಳಿ. ಆದ್ರೆ ಆ ಬಾಗ್ಲು ಅವ್ಳದು. ಅವ್ಳನ್ನ ಒಂದ್ ಮಾತು ಕೇಳಿದ್ರಾ?"

ಹೊರಗೆ ಹೋಗಿ ಆಟೋ ಹತ್ತಿದರು. ಸಂಜೆ ಹಮಾಲಿ ಆ ಮನೆಗೆ ಹೋದಾಗ ಬಾಗಿಲು ತೆರೆದೇ ಇತ್ತಂತೆ, ಒಲೆಯ ಮೇಲಿನ ಅನ್ನ ಇನ್ನೂ ಬಿಸಿಯಿತ್ತಂತೆ. ಒಳಗೆ ಯಾರೂ ಇರಲಿಲ್ಲ. ಅವನು ವಾಪಸು ಬಂದು ಗೋಡೆಗೆ ಗುದ್ದಿದಾಗ ನನಗೆ ನನ್ನ ಮೇಲೇ ಅಸಹ್ಯವಾಯಿತು. ಚಾಚಾ ಮತ್ತೆ ಕೆಲಸಕ್ಕೆ ಬರಲಿಲ್ಲ. ನಾನೂ ಆ ತಿಂಗಳೇ ಬಿಟ್ಟೆ.

ಎರಡು ವರ್ಷದ ಮೇಲೆ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಸಿಕ್ಕರು. ಕ್ಷಮೆ ಕೇಳಿದೆ. ಆಗಿದ್ದು ಆಯ್ತು ಬಿಡಿ ಎಂದರು. ಅವಳು ಚೆನ್ನಾಗಿದ್ದಾಳೆ ಎಂದೂ ಹೇಳಿದರು. ಎಲ್ಲಿ ಎಂದು ನನ್ನ ಬಾಯಿಂದ ಜಾರಿಯೇ ಬಿಟ್ಟಿತು. ಚಾಚಾ ಅಂದು ಡಬ್ಬಿಯನ್ನು ನೋಡಿದಂತೆಯೇ ನನ್ನನ್ನು ನೋಡಿ, ಬಂದ ಬಸ್ಸು ಹತ್ತಿದರು.

ಅವರು ತೀರಿಕೊಂಡ ಸುದ್ದಿ ತಿಳಿದು ಆರ್.ಟಿ. ನಗರದ ಮನೆಗೆ ಹೋದೆ. ಒಳಗೆ ಹೆಂಗಸರ ನಡುವೆ ಕುಂಕುಮವಿಟ್ಟವಳೊಬ್ಬಳು, ಹೆತ್ತ ತಂದೆಯೇ ಹೋದಂತೆ ಅಳುತ್ತಿದ್ದಳು. ಅವಳ ಪಕ್ಕದಲ್ಲೇ ನನಗೆ ಜಾಗ ಸಿಕ್ಕಿತು. ಸ್ವಲ್ಪ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು, ಸಾವಿನ ಮನೆಯಲ್ಲಿ ಎಲ್ಲರೂ ವಿಚಾರಿಸುವ ಹಾಗೆ, ಯಾವ ಕಡೆಯಿಂದ ಬಂದಿರಿ ಎಂದು ಕೇಳಿದಳು. ಈಗ ನಾನಿರುವ ಮಾಕಳಿಯಿಂದ ಎಂದೆ.

ನೀವೆಲ್ಲಿಂದ ಎಂದು ನಾನು ತಿರುಗಿ ಕೇಳಲಿಲ್ಲ.