ಎರೆಮಣ್ಣಿನಲ್ಲಿ ಹೂತ ತಾಮ್ರದ ತಗಡು

ನನಗೆ ಅಕ್ಷರ ಬಂದದ್ದು ಮೀಸೆ ಬಂದ ಮೇಲೆ. ಹಿರೇಗುಂಟನೂರಿನ ನಮ್ಮ ಹೊಲದಲ್ಲಿ ಕುಂಟೆ ಹೊಡೆಯುತ್ತಿದ್ದವನು ಇಪ್ಪತ್ತೆರಡನೇ ವಯಸ್ಸಿನಲ್ಲಿ ತಂತಿ ಕಂಬ ನೆಡುವ ಗುಂಪಿಗೆ ಸೇರಿದೆ. ಆಗ ಮಾರಿಕಣಿವೆಯಲ್ಲಿ ಅಣೆಕಟ್ಟೆ ಏಳುತ್ತಿತ್ತು. ಅಲ್ಲಿನ ತಂತಿ ಆಫೀಸಿನ ಮಾಸ್ತರರು ಬಿಡುವಾದಾಗ ಹಳೇ ಫಾರಂಗಳ ಬೆನ್ನ ಮೇಲೆ ನನ್ನಿಂದ ಕಾಗುಣಿತ ತಿದ್ದಿಸುತ್ತಿದ್ದರು. ದುರ್ಗದ ಪೇಟೆಯ ಮನುಷ್ಯ, ವಯಸ್ಸು ಐವತ್ತರ ಮೇಲೆ, ಬಾಯಿ ಜೋರು.

"ಲೇ, ಇದು 'ಕ' ಏನಲೇ? ಎತ್ತು ಮಕ್ಕಂಡಂಗೈತೆ. ಎಬ್ಬಿಸು ಅದನ್ನ!" ಅನ್ನುತ್ತಿದ್ದರು.

ನನ್ನ ಜೀವನದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಆ ಮನುಷ್ಯನ ಆಫೀಸಿನ ಹಿಂದೆಯೇ ಮಾಡಿದ್ದು. ಅದನ್ನು ಹೇಳಬೇಕಾದರೆ ತಂತಿಯ ಕೆಲಸವನ್ನು ಸ್ವಲ್ಪ ಹೇಳಬೇಕು.

ಹಿರಿಯೂರಿನಿಂದ ಕಟ್ಟೆ, ಕಟ್ಟೆಯಿಂದ ಹೊಸದುರ್ಗ, ಅಲ್ಲಿಂದ ಹೊಳಲ್ಕೆರೆ. ಕಂಬದ ಮೇಲೆ ಎಳೆದದ್ದು ಒಂದೇ ತಂತಿ. ಬ್ಯಾಟರಿ ಜಾಡಿಗಳಿಂದ ಹೊರಟ ಕರೆಂಟು ತಂತಿಯ ಮೇಲೆ ಹೋಗುತ್ತದೆ, ನೆಲದಲ್ಲಿ ವಾಪಸು ಬರುತ್ತದೆ. ಅದಕ್ಕಾಗಿ ಪ್ರತಿ ಆಫೀಸಿನ ಹಿಂದೆಯೂ ಒಂದು ತಾಮ್ರದ ತಗಡನ್ನು ಹೂಳಬೇಕು. ಸಿಡಿಲಿಗೂ ಅದೇ ದಾರಿ. ಮೇಜಿನ ಪಕ್ಕದ ಗೋಡೆಗೆ ಎರಡು ಹಿತ್ತಾಳೆ ಪಟ್ಟಿಗಳ ಒಂದು ಪೆಟ್ಟಿಗೆ. ಒಂದು ಪಟ್ಟಿಗೆ ಕಂಬದ ತಂತಿ, ಇನ್ನೊಂದಕ್ಕೆ ನೆಲದ ತಂತಿ. ಗುಡುಗು ಹತ್ತಿರ ಬಂತೆಂದರೆ ಮಾಸ್ತರು ಎದ್ದು ಆ ಎರಡರ ನಡುವೆ ಹಿತ್ತಾಳೆ ಬಿರಡೆ ತುರುಕಬೇಕು ಎಂಬುದು ರೂಲು. ಆಗ ಸಿಡಿಲು ಕಂಬದ ಮೇಲೆ ಬಂದರೂ ಸೀದಾ ನೆಲಕ್ಕೆ ಇಳಿದುಹೋಗುತ್ತದೆ. ನೆಲ ಅದನ್ನು ತೆಗೆದುಕೊಳ್ಳದಿದ್ದರೆ? ಬಿರಡೆ ಹಿಡಿದ ಕೈ ತೆಗೆದುಕೊಳ್ಳುತ್ತದೆ.

ತಗಡನ್ನು ಯಾವಾಗಲೂ ಪಸೆ ಇರುವ ಆಳಕ್ಕೆ ಇಳಿಸಬೇಕು. ಕಟ್ಟೆಯ ಆಫೀಸಿನ ಹಿಂದೆ ಅಗೆದರೆ ಸೊಂಟದ ಆಳಕ್ಕೇ ಬಂಡೆ ಸಿಕ್ಕಿತು. ಹಾರೆ ಹಾಕಿದರೆ ಕಿಡಿ ಏಳುತ್ತಿತ್ತು. ಹೊಳೆಯವರೆಗೆ ನೆಲದ ತಂತಿ ಎಳೆಯೋಣವೆಂದರೆ ದೂರ, ತಂತಿಯೂ ಸಾಲದು. ನಮ್ಮ ಗುಂಪಿನ ಮೇಸ್ತ್ರಿ ತಲೆ ಕೆರೆದುಕೊಂಡು ಕೂತಿದ್ದಾಗ ನಾನು ಬಾಯಿ ಹಾಕಿದೆ.

"ಗುಂಡಿಗೆ ಎರೆ ತುಂಬಾಣ್ರಿ. ಎರೆಮಣ್ಣು ನೀರು ಬಿಡಂಗಿಲ್ಲ. ನಮ್ಮೂರಾಗೆ ಹಿಂಗಾರಿ ಜೋಳ ಬರೀ ಇಬ್ಬನಿ ಕುಡ್ದು ತೆನೆ ಬಿಡ್ತೈತೆ."

ಮೇಸ್ತ್ರಿ ನನ್ನನ್ನೇ ನೋಡಿ, "ಒಕ್ಕಲಿಗನ ಬುದ್ಧಿ ಒಂದೊಂದು ಸಲ ಕೆಲಸಕ್ಕೆ ಬರ್ತೈತಪ್ಪ" ಅಂದ. ಹಿರಿಯೂರು ಕಡೆಯ ಹೊಲದಿಂದ ನಾಲ್ಕು ಗಾಡಿ ಕಪ್ಪು ಎರೆ ಹೊಡೆಸಿದೆವು. ತಗಡನ್ನು ನಡುವೆ ನಿಲ್ಲಿಸಿ, ಸುತ್ತ ಎರೆ ತುಂಬಿ, ನಾನೇ ಕಾಲಿನಿಂದ ತುಳಿದೆ. ಮಳೆಗಾಲ ಆಗಷ್ಟೇ ಮುಗಿದಿತ್ತು. ಮಣ್ಣು ಬೆಣ್ಣೆಯ ಹಾಗೆ ತಗಡಿಗೆ ಮೆತ್ತಿಕೊಂಡಿತು.

ಇನ್ಸ್‌ಪೆಕ್ಟರು ಕರೆಂಟು ಅಳೆಯುವ ಮುಳ್ಳಿನ ಪೆಟ್ಟಿಗೆ ತಂದು ಪರೀಕ್ಷೆ ಮಾಡಿದರು. ಮುಳ್ಳು ಅವರು ಬಯಸಿದ್ದಕ್ಕಿಂತ ಆಚೆಗೇ ಹೋಗಿ ನಿಂತಿತು. ಅವರು ನಕ್ಕಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಬೇಸಿಗೆಯಲ್ಲಿ ದಿನಾ ಎರಡು ಕೊಡ ನೀರು ಹಾಕಿಸಿ ಎಂದು ಮಾಸ್ತರರಿಗೆ ಹೇಳಿದರು. ಅವರು ಆಚೆ ಹೋದ ಮೇಲೆ ನಾನು ಮಾಸ್ತರರಿಗೆ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ:

"ನೀರೇನು ಬ್ಯಾಡ್ರಿ ಮಾಸ್ತ್ರೇ. ಎರೆ ತಾನೇ ಹಿಡ್ಕಂತೈತೆ."

ಆ ಗುಂಡಿಯ ದೆಸೆಯಿಂದ ನನ್ನ ಕೆಲಸ ಖಾಯಂ ಆಯಿತು. ಹೊಸದುರ್ಗದ ಆಫೀಸಿನ ಹಿಂದೆಯೂ ಗಟ್ಟಿ ನೆಲವೇ, ಅಲ್ಲೂ ಹೀಗೇ ಮಾಡಿ ಎಂದು ಇನ್ಸ್‌ಪೆಕ್ಟರ ಆರ್ಡರು ಬಂತು. ಅಲ್ಲಿಗೂ ನಾನೇ ಹೋಗಿ ಎರೆ ತುಂಬಿ ಬಂದೆ. ಹೊಳಲ್ಕೆರೆಯದು ಮುಂದಿನ ಮಳೆಗಾಲಕ್ಕೆ ಎಂದು ಉಳಿಯಿತು. ಮಾಸ್ತರರು ನನಗೆ 'ಎರೆ ಪಂಡಿತ' ಎಂದು ಹೆಸರಿಟ್ಟರು. ಊರಿಗೆ ಹೋದರೆ ಅಪ್ಪ ನನ್ನನ್ನು ಬಂದವರ ಮುಂದೆಲ್ಲ ಕೂರಿಸಿ, "ಸರ್ಕಾರದೋರಿಗೆ ಮಣ್ಣು ಅಂದ್ರೇನು ಅಂತ ನಮ್ಮೋನು ಹೇಳ್ಕೊಟ್ಟ" ಅನ್ನುತ್ತಿದ್ದ.

ಮುಂದಿನ ಬೇಸಿಗೆಯಲ್ಲಿ ನಮ್ಮ ಗುಂಪನ್ನು ಹಿರಿಯೂರಿನಾಚೆಯ ರಸ್ತೆಯ ಕಂಬಗಳ ತಪಾಸಣೆಗೆ ಹಾಕಿದ್ದರು. ಅಲ್ಲಿಗೆ ಮಾಸ್ತರರ ಒಂದು ಕಾರ್ಡು ಬಂತು. ನನ್ನ ಹೆಸರಿಗೆ ಬಂದ ಮೊದಲನೇ ಕಾಗದ ಅದು. ಬೆರಳಿಟ್ಟು ಓದಿದೆ. ಕ್ಷೇಮ ಸಮಾಚಾರವಾದ ಮೇಲೆ ಹೀಗೆ ಬರೆದಿದ್ದರು: ಯುಗಾದಿಯಿಂದೀಚೆಗೆ ತಂತಿಯ ಸದ್ದು ಸೊರಗಿದೆ, ಜಾಡಿಗಳಿಗೆ ವಯಸ್ಸಾಯಿತೆಂದು ಕಾಣುತ್ತದೆ, ನಾಲ್ಕು ಹೊಸ ಜಾಡಿ ಸೇರಿಸಿದ್ದೇನೆ, ಆದರೂ ಹಾಗೇ ಇದೆ, ಇನ್ನೂ ನಾಲ್ಕು ಕೇಳಿದ್ದೇನೆ.

ನಾನು ಓದಿ ಮಡಚಿ ಜೇಬಿನಲ್ಲಿಟ್ಟೆ. ಓದಲು ಬಂತಲ್ಲ ಎಂಬ ಖುಷಿಯೇ ಹೆಚ್ಚು, ಓದಿದ್ದರ ಮೇಲೆ ಗಮನವಿಲ್ಲ.

ಎರಡು ದಿನವಾದ ಮೇಲೆ ಬೆಳಿಗ್ಗೆ, ಎರೆಹೊಲದ ನಡುವೆ ನಿಂತ ಒಂದು ಕಂಬಕ್ಕೆ ಏಣಿ ಒರಗಿಸಿದೆ. ಕಂಬ ಅಲ್ಲಾಡಿತು. ಬಗ್ಗಿ ನೋಡಿದರೆ ಬುಡದ ಸುತ್ತ ನೆಲ ಬಾಯಿ ಬಿಟ್ಟಿದೆ. ಕೈ ಇಳಿಸಿದೆ. ಮೊಣಕೈವರೆಗೂ ಹೋಯಿತು. ಮಣ್ಣು ಎಲ್ಲಿಯೂ ಕಂಬವನ್ನು ಮುಟ್ಟಿರಲಿಲ್ಲ.

ಕೈಯನ್ನು ಹಾಗೇ ಒಳಗಿಟ್ಟುಕೊಂಡು ಕೂತೆ. ಎರೆ ಬೇಸಿಗೆಯಲ್ಲಿ ಬಿರಿಯುತ್ತದೆಂದು ನನಗೆ ಗೊತ್ತಿರಲಿಲ್ಲವೇ? ಹುಟ್ಟಿದಾಗಿನಿಂದ ಗೊತ್ತು. ಜೋಳದ ಸಾಲುಗಳ ನಡುವೆ ಎಡೆಕುಂಟೆ ಹೊಡೆಯುವುದೇ ಬಿರುಕು ಮುಚ್ಚುವುದಕ್ಕೆ, ಪಸೆ ಆಚೆ ಹೋಗದಿರಲೆಂದು. ಹೊಲದಲ್ಲಿ ನಾವು ಮುಚ್ಚುತ್ತೇವೆ, ಅದಕ್ಕೇ ಎರೆ ನೀರು ಹಿಡಿಯುತ್ತದೆ. ಗುಂಡಿಯಲ್ಲಿ ಎಡೆ ಹೊಡೆಯುವವರು ಯಾರು? ಕೆಳಗೆ ಬಂಡೆ, ಮೇಲೆ ಬಿಸಿಲು, ನೀರು ಬೇಡವೆಂದು ನಾನೇ ಹೇಳಿ ಬಂದಿದ್ದೇನೆ. ಜಾಡಿಗಳಿಗೆ ವಯಸ್ಸಾಗಿರಲಿಲ್ಲ. ನೆಲ ತಗಡನ್ನು ಬಿಟ್ಟುಬಿಟ್ಟಿತ್ತು.

ತಲೆಯೆತ್ತಿದರೆ ಪಡುವಣದಲ್ಲಿ ಮೋಡದ ಅಂಚು. ಭರಣಿ ಮಳೆಯ ದಿನಗಳು. ಜೊತೆಯವರು ಕೈ ಅಡ್ಡ ಹಿಡಿದು ನೋಡಿ, "ಭರಣಿ ಬಂದ್ರೆ ಧರಣಿ ಬೆಳೀತೈತೆ, ಬರ್ಲಿ ಬರ್ಲಿ" ಎಂದು ಹಿಗ್ಗುತ್ತಿದ್ದರು. ಗುಡುಗಿದರೆ ಮಾಸ್ತರರು ರೂಲು ತಪ್ಪಿಸುವವರಲ್ಲ. ಎದ್ದು ಹೋಗಿ ಬಿರಡೆಗೆ ಕೈ ಹಾಕುತ್ತಾರೆ.

ಮೇಸ್ತ್ರಿಗೆ ಹೇಳಿದೆ. ಅವನು ಏಣಿಯ ಮೇಲಿಂದಲೇ, "ನಾಳೆ ಕಾಗದ ಹಾಕಾಣ ಬಿಡಪ್ಪ" ಅಂದ.

"ಮೋಡ ಇವತ್ತೇ ಐತಲ್ರಿ."

"ರಜಾ ಇಲ್ದೆ ಹೋದ್ರೆ ನಿನ್ನ ಖಾಯಂ ಹೋಗ್ತೈತೆ ನೋಡು. ಮಣ್ಣು ತುಂಬಿ ತಗಂಡಿದ್ದು, ಮಣ್ಣುಪಾಲು ಮಾಡ್ಕಬ್ಯಾಡ."

ಇಕ್ಕಳವನ್ನು ಸೊಂಟಕ್ಕೆ ಸಿಕ್ಕಿಸಿ ಹೊರಟೆ. ಹಿರಿಯೂರು ದಾಟಿದ ಮೇಲೆ ಕಟ್ಟೆಗೆ ಗಾರೆ ಸುಣ್ಣ ಸಾಗಿಸುವ ಗಾಡಿ ಸಿಕ್ಕಿತು. ಹತ್ತಿ ಕೂತೆ, ಕೂರಲಾಗಲಿಲ್ಲ. ಎತ್ತುಗಳು ನಡೆಯುವುದು ನನಗೆ ನಿಂತ ಹಾಗೆ ಕಾಣುತ್ತಿತ್ತು. ಇಳಿದು ಮುಂದೆ ನಡೆದೆ. "ಏನಪ್ಪ, ಮುಳ್ಳಿನ ಮ್ಯಾಲೆ ಕುಂತಿದ್ದೇನು?" ಎಂದು ಗಾಡಿಯವನು ಹಿಂದಿನಿಂದ ಕೂಗಿದ. ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ ಎಣಿಸುತ್ತಾ ಹೋದೆ. ಎಣಿಕೆ ತಪ್ಪಿತು, ಮತ್ತೆ ಒಂದರಿಂದ ಹಿಡಿದೆ. ಬಿಸಿಲು ಬಾಡಿತು. ಕಣಿವೆಯ ಮೇಲೆ ಮೋಡ ಕಪ್ಪಾಗಿ ನಿಂತಿತ್ತು.

ಆಫೀಸಿನ ಬಾಗಿಲಿಗೆ ಬಂದಾಗ ಮಾಸ್ತರರು ಬಗ್ಗಿ ಸುದ್ದಿ ಕುಟ್ಟುತ್ತಿದ್ದರು. ನಾನು ಬಾಗಿಲ ಚೌಕಟ್ಟು ಹಿಡಿದು ಏದುತ್ತಾ ನಿಂತೆ. ಅಷ್ಟರಲ್ಲಿ ಬೆಟ್ಟದ ಹಿಂದೆ ಗುಡುಗಿತು. ಅವರು ಕುಟ್ಟುವ ಕೀಲಿ ಬಿಟ್ಟು ಎದ್ದು ಗೋಡೆಯ ಕಡೆ ಕೈ ಚಾಚಿದರು. ನಾನು ಹೋಗಿ ಆ ಕೈಯನ್ನೇ ಹಿಡಿದೆ.

"ಯಾಕಲೇ? ಕುಡ್ದೀಯಾ?"

"ಮುಟ್ಟಬ್ಯಾಡ್ರಿ. ನೆಲ ಇಲ್ಲ. ನನ್ನ ಎರೆ ಬಾಯಿ ಬಿಟ್ಟೈತೆ."

ಹೇಳಿ, ಅವರ ಉತ್ತರಕ್ಕೆ ಕಾಯದೆ ಹೊರಗೆ ಓಡಿದೆ. ಗೋಡೆಗೆ ಏಣಿ ಹಾಕಿ, ಕಂಬದಿಂದ ಒಳಗೆ ಬರುವ ತಂತಿಯನ್ನು ಇಕ್ಕಳದಲ್ಲಿ ಕತ್ತರಿಸಿದೆ. ಕತ್ತರಿಸುವಾಗ ಕಣ್ಣು ಮುಚ್ಚಿದ್ದೆ. ಮಾಸ್ತರರು ಅಂಗಳದಲ್ಲಿ ನಿಂತು ಕೂಗುತ್ತಿದ್ದರು: "ಸರ್ಕಾರಿ ತಂತಿ ಕಡಿದ್ರೆ ಜೇಲು ಕಣಲೇ! ಕಟ್ಟೆ ಇಂಜಿನಿಯರ ಸುದ್ದಿ ಅರ್ಧಕ್ಕೆ ನಿಂತೈತೆ!"

"ನಾನೇ ಕಡ್ದೆ ಅಂತ ಬರೀರಿ."

ಗಾಳಿ ಎದ್ದಿತು. ಸುಣ್ಣದ ಧೂಳು ಕಣ್ಣಿಗೆ ತುಂಬಿತು. ಮಣ್ಣಿನ ಮೇಲೆ ನಾಲ್ಕು ಹನಿ ಬಿದ್ದವು. ಅಷ್ಟೇ. ಮೋಡ ನಮ್ಮ ತಲೆಯ ಮೇಲಿಂದ ಸರಿದು ಹೋಯಿತು.

"ಎಲ್ಲಲೇ ಪಂಡಿತ, ನಿನ್ನ ಸಿಡ್ಲು?" ಎಂದು ಮಾಸ್ತರರು ಕಂಬದ ಕಡೆ ನೋಡಿ ಕೇಳಿದರು.

ನಾನು ಹಾರೆ ತಂದು ಗುಂಡಿಯ ಮೇಲಿನ ಮಣ್ಣನ್ನು ಎಬ್ಬಿಸಿದೆ. ಹೆಂಟೆ ಹೆಂಟೆಯಾಗಿ ಎದ್ದಿತು. ನಡುವೆ ತಗಡು ಸೀಳಿನಲ್ಲಿ ಒಂಟಿಯಾಗಿ ನಿಂತಿತ್ತು, ಎರಡೂ ಕಡೆ ಒಂದು ಹೆಬ್ಬೆರಳು ತೂರುವಷ್ಟು ಜಾಗ. ಬೆರಳಿನಿಂದ ಬಡಿದರೆ ತಟ್ಟೆಯ ಹಾಗೆ ಸದ್ದು ಮಾಡಿತು. ಮಾಸ್ತರರು ಕೂತು ಆ ಸೀಳಿನಲ್ಲಿ ಕೈ ಇಳಿಸಿದರು.

"ನಾನು ಜಾಡಿಗಳ್ನ ಬೈತಿದ್ನಲ್ಲೋ" ಅಂದರು. ಆಮೇಲೆ ನನ್ನ ಮುಖ ನೋಡಿ, "ಗಾಳಿಗೆ ತಂತಿ ಕಡೀತು ಅಂತ ಬರೀತೀನಿ. ನಾಳೆಯಿಂದ ನೀರು ಹಾಕ್ಸಾಣ. ನಿನ್ನ ಕೆಲ್ಸ ಉಳೀತೈತೆ" ಅಂದರು.

ನಾನು ಮೋಡವನ್ನು ನೋಡುತ್ತಿದ್ದೆ. ಅದು ಪಡುವಣದಿಂದ ಬಂದದ್ದು, ಈಗ ಗಾಳಿ ತಿರುಗಿ ಬಂದ ದಾರಿಯಲ್ಲೇ ವಾಪಸು ಹೊರಟಿತ್ತು. ಹೊಸದುರ್ಗದ ಕಡೆಗೆ.

"ಮಾಸ್ತ್ರೇ, ಅಲ್ಲೂ ನಂದೇ ಗುಂಡಿ."

ಅವರು ಒಂದು ಕ್ಷಣವೂ ನಿಲ್ಲಲಿಲ್ಲ. "ತಂತಿ ಕೂಡ್ಸು! ಬೇಗ!"

ಏಣಿ ಹತ್ತಿ, ಕತ್ತರಿಸಿದ ತುದಿಗಳನ್ನು ಹೊಸೆದೆ. ಒಳಗೆ ಅವರು ಕುಟ್ಟಿದರು. "ಮುಳ್ಳು ಅಲ್ಲಾಡಂಗಿಲ್ಲಲೇ, ಹೋಗ್ತಿಲ್ಲ!" ತಳದಲ್ಲಿ ಅಂಟಿದ್ದ ಚೂರು ಮಣ್ಣನ್ನೂ ನಾನೇ ಎಬ್ಬಿಸಿದ್ದೆ. ಮತ್ತೆ ತಗಡಿಗೆ ಮಣ್ಣು ನೂಕಿ ತುಳಿದೆ. ಗಾರೆ ಕಲಸುವವರು ತುಂಬಿಟ್ಟ ಹರವಿಗಳಿಂದ ಕೊಡ ಮುಳುಗಿಸಿ ತಂದು ಸುರಿದೆ. ಬಿರುಕು ಗಟಗಟನೆ ಕುಡಿಯಿತು. ಇನ್ನೊಂದು ಕೊಡ. ಇನ್ನೊಂದು. ಮಣ್ಣು ಕೆಸರಾಗಿ ತಗಡಿಗೆ ಅಂಟುವವರೆಗೂ ಓಡಾಡಿದೆ. ಹಸಿ ಗುಂಡಿಯಲ್ಲಿ ಬರಿಗಾಲಲ್ಲಿ ನಿಂತಿದ್ದೇನೆ, ತಲೆಯ ಮೇಲೆ ತಂತಿ ಕೂಡಿದೆ, ಮೋಡ ಇನ್ನೂ ಪೂರ್ತಿ ಹೋಗಿಲ್ಲ ಎಂದು ಹೊಳೆದದ್ದು ಆಮೇಲೆ.

ಕಿಟಕಿಯಿಂದ ಕೂಗು ಬಂತು: "ಮುಳ್ಳು ಆಡ್ತೈತೆ! ಇನ್ನೊಂದು ಕೊಡ ಹಾಕು!"

ಬಿರಡೆ ಮುಟ್ಟಬೇಡಿ, ತಂತಿಯನ್ನು ಹೊರಗೇ ಬಿಚ್ಚಿ, ನೆಲ ಸತ್ತಿದೆ. ಇದನ್ನೇ ಮೂರು ಸಲ ಕಳಿಸಿದರು. ಆಚೆಯಿಂದ ಏನೂ ಬರಲಿಲ್ಲ. ನಾನು ಕೆಸರುಗಾಲಲ್ಲೇ ಒಳಗೆ ಬಂದು ನಿಂತೆ.

"ಯಾಕ್ರಿ ಉತ್ತರ ಇಲ್ಲ?"

"ಬಿಚ್ಚಿದ್ರೆ ಉತ್ತರ ಹೆಂಗ್ ಬರ್ತೈತೋ? ಕುಂತ್ಕಳ."

ಬಿಚ್ಚದೆ, ಆಗಬಾರದ್ದು ಆಗಿದ್ದರೂ ಉತ್ತರ ಬರುವುದಿಲ್ಲ. ಅದು ಅವರಿಗೂ ಗೊತ್ತು. ಬೆಟ್ಟಗಳಾಚೆ ಮಿಂಚುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಹೊಸದುರ್ಗದ ಮಾಸ್ತರರ ಮುಖವನ್ನು ನೆನೆಸಿಕೊಳ್ಳಲು ನೋಡಿದೆ. ನಾನು ಗುಂಡಿ ತುಳಿಯುವಾಗ ಅವರು ಮಜ್ಜಿಗೆ ಕೊಟ್ಟಿದ್ದರು. ಚೊಂಬು ನೆನಪಾಯಿತು, ಮುಖ ನೆನಪಾಗಲಿಲ್ಲ. ಕೂತೆ, ಎದ್ದೆ, ಗುಂಡಿಗೆ ಇನ್ನೊಂದು ಕೊಡ ನೀರು ಹಾಕಿ ಬಂದೆ. ಸುಮ್ಮನಿರಲಾಗದೆ ಮತ್ತೊಂದು.

ಹೊತ್ತು ಮುಳುಗುವ ಮುಂಚೆ ಯಂತ್ರ ಸಣ್ಣಗೆ ಟಿಕ್ಕೆಂದಿತು. ನನಗೆ ಆ ಭಾಷೆ ಬಾರದು. ಮಾಸ್ತರರ ಮುಖವನ್ನೇ ನೋಡುತ್ತಾ ನಿಂತೆ. ಅವರು ಬರೆದುಕೊಂಡರು, ಪೆನ್ಸಿಲು ಕೆಳಗಿಟ್ಟರು.

"ಬದುಕವ್ನೆ. ಹೊರಗೆ ಬಿಚ್ಚಿ ಜಗಲಿ ಮ್ಯಾಲೆ ನಿಂತಿದ್ನಂತೆ. ಮೂರನೇ ಕಂಬಕ್ಕೆ ಸಿಡ್ಲು ಹೊಡ್ದು ತಂತಿ ಕೂರೋ ಪಿಂಗಾಣಿ ಪುಡಿಯಾಗೈತೆ."

ಯಂತ್ರ ಮತ್ತೆ ಟಿಕ್ಕೆಂದಿತು.

"ನೆಲ ಹೆಂಗ್ ಸತ್ತಿತು, ಯಾರ ಕೆಲ್ಸ ಅಂತ ಕೇಳ್ತವ್ನೆ" ಅಂದರು ಮಾಸ್ತರರು. ಕೈ ಕೀಲಿಯ ಮೇಲಿತ್ತು, ಒತ್ತಲಿಲ್ಲ. "ಈ ಸಾಲಿನಾಗೆ ಹೇಳಿದ್ದನ್ನ ಹಿರಿಯೂರು, ಹೊಳಲ್ಕೆರೆ ಎಲ್ಲಾರೂ ಕೇಳ್ಕಂತಾರೆ. ಆಮೇಲೆ ಗಾಳಿ ಅಂತ ಬರಿಯಾಕಾಗಂಗಿಲ್ಲ."

ಹೊಳಲ್ಕೆರೆಯ ಗುಂಡಿಗೆ ಎರೆ ತುಂಬಲು ಆರ್ಡರು ಹಾಗೇ ಇತ್ತು. ನಿಜ ಹೊರಬೀಳದಿದ್ದರೆ, ನಾನಲ್ಲದಿದ್ದರೂ ಇನ್ನೊಬ್ಬ ತುಂಬುತ್ತಿದ್ದ.

"ನನ್ನ ಹೆಸರು ಕುಟ್ರಿ" ಅಂದೆ.

ಕುಟ್ಟಿದರು. ನನ್ನ ಖಾಯಂ ಆ ತಿಂಗಳೇ ಹೋಯಿತು, ದಿನಗೂಲಿಗೆ ಇಳಿದೆ. ಮಾರನೆಯ ಬೆಳಿಗ್ಗೆ ಮಾಸ್ತರರ ಹಾರೆಯನ್ನು ಹೆಗಲಿಗೆ ಹಾಕಿಕೊಂಡು, ನಾನು ತುಳಿದ ಮಣ್ಣನ್ನು ನಾನೇ ಎತ್ತಿ ಹಾಕಲು ಹೊಸದುರ್ಗದ ದಾರಿ ಹಿಡಿದೆ. ಆಕಾಶ ತೊಳೆದ ಹಾಗಿತ್ತು. ಆದರೂ ದಾರಿಯುದ್ದಕ್ಕೂ ನಾಲ್ಕು ಹೆಜ್ಜೆಗೊಮ್ಮೆ ತಲೆಯೆತ್ತಿ ನೋಡುತ್ತಲೇ ಹೋದೆ.