ಪಡುವಲ ಗೋಡೆಯ ಒಡಕು ದನಿ

ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇದ್ದಾಗ ನಾನು ಕೊಪ್ಪಳದಲ್ಲಿ ಸಹಾಯಕ ಕಾರ್ಯಪಾಲಕ ಎಂಜಿನಿಯರ್. ರಸ್ತೆಯ ಮೋರಿ, ಶಾಲಾ ಕೊಠಡಿ, ಕಾಂಪೌಂಡ್ ಗೋಡೆ ಕಟ್ಟಿಸುತ್ತಲೇ ತಲೆ ನರೆತವನಿಗೆ ಆಗೊಂದು ವಿಚಿತ್ರ ಕೆಲಸ ಬಂತು. ಕುಷ್ಟಗಿ ಕಡೆಯ ಕೈಬಿಟ್ಟ ಗ್ರಾನೈಟ್ ಕ್ವಾರಿಯೊಂದನ್ನು ಬಯಲು ರಂಗಮಂದಿರ ಮಾಡಬೇಕು. ಕಲ್ಲು ತೆಗೆದು ತೆಗೆದು ನಲವತ್ತು ಅಡಿ ಆಳವಾಗಿದ್ದ ಗುಂಡಿ ಅದು. ಮೂರು ಕಡೆ ನೆಟ್ಟಗೆ ಕೊರೆದ ಬಂಡೆಯ ಗೋಡೆ, ನಾಲ್ಕನೆಯ ಕಡೆ ಜನ ಕೂಡಲಿಕ್ಕೆಂದೇ ಮಾಡಿಟ್ಟಂಥ ಮೆಟ್ಟಿಲುಗಳು. ಯಾವ ಕೆಲಸಕ್ಕೂ ಹಿಗ್ಗದ ನಾನು ಅದನ್ನು ನೋಡಿ ಹಿಗ್ಗಿದೆ.

ಮೆಟ್ಟಿಲಿನ ಕಲ್ಲು ಸಮ ಮಾಡಲು ಮೌಲಾಸಾಬರನ್ನು ಕರೆಸಿಕೊಂಡೆ. ಅದೇ ಕ್ವಾರಿಯಲ್ಲಿ ಮೂವತ್ತು ವರ್ಷ ಕಲ್ಲು ಒಡೆದವರು. ಮೊಹರಂನಲ್ಲಿ ಅವರೂ ಅವರ ತಮ್ಮ ರಾಜಾಸಾಬರೂ ಕೂಡಿ ರಿವಾಯತ್ ಪದ ಹಾಡುತ್ತಿದ್ದರು. ಅಣ್ಣ ಒಂದು ಸಾಲು ಎತ್ತಿದರೆ ಅದರ ತುದಿಯನ್ನು ತಮ್ಮ ಹಿಡಿಯಬೇಕು. ಒಬ್ಬರಿಂದ ಆಗುವ ಹಾಡಲ್ಲ. ಉದ್ಘಾಟನೆಯ ದಿನ ಮೊದಲ ಹಾಡು ಇವರದೇ ಆಗಬೇಕೆಂದು ಹಟ ಹಿಡಿದು ಹೆಸರು ಬರೆಸಿದವನು ನಾನೇ.

"ನಾವು ಕಡದ ಜಾಗಾದಾಗ ನಾವ ಹಾಡೂದು ಅಂದ್ರ ಭಾಳ ದೊಡ್ಡ ಮಾತ್ರಿ ಸಾಹೇಬ್ರ," ಎಂದು ಮೌಲಾಸಾಬರು ಕಣ್ಣೊರೆಸಿಕೊಂಡಿದ್ದರು.

ಉದ್ಘಾಟನೆಗೆ ತಿಂಗಳಿರುವಾಗ ಹೊಸಪೇಟೆಯಿಂದ ಸೌಂಡ್ ಸಿಸ್ಟಮ್‌ನವರನ್ನು ಕರೆಸಿ ಅಕೌಸ್ಟಿಕ್ಸ್ ಪರೀಕ್ಷೆ ಮಾಡಿಸಿದೆ. ಅಂದರೆ, ವೇದಿಕೆಯ ಮಾತು ಕೊನೆಯ ಮೆಟ್ಟಿಲಿನವರಿಗೂ ತಿಳಿಯಾಗಿ ಕೇಳಿಸುತ್ತದೆಯೇ ಎಂದು ನೋಡುವುದು. ದಿನವಿಡೀ ನಮ್ಮ ಬಾಯಲ್ಲಿ ದನಿಯದೇ ಸುದ್ದಿ. ಮೌಲಾಸಾಬರ ಕೆಲಸ ಅವತ್ತಿಗೆ ಮುಗಿದಿತ್ತು. ಹೊರಡುವ ಮುಂಚೆ ಅವರು ಪಡುವಲ ಗೋಡೆಗೆ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಕೇಳಿ, ನನ್ನ ಹತ್ತಿರ ಬಂದರು.

"ಸಾಹೇಬ್ರ, ಈ ಗ್ವಾಡಿದು ಒಡಕ ದನಿ ಐತ್ರಿ. ಮದ್ಲ ಹಿಂಗಿರಲಿಲ್ಲ."

"ಗೊತ್ತೈತ್ರಿ. ಅದಕ್ಕ ವ್ಯವಸ್ಥಾ ಮಾಡಸ್ತೀನಿ," ಎಂದೆ.

ಡೈರಿಯಲ್ಲಿ ಬರೆದುಕೊಂಡೆ: ಪಡುವಲ ಗೋಡೆ, ಪ್ರತಿಧ್ವನಿ. ಒಂದೇ ವಾರದಲ್ಲಿ ಮೇಲಿನಿಂದ ಬುಡದವರೆಗೆ ಗೋಣಿತಟ್ಟಿನ ಪರದೆ ಇಳಿಬಿಡಿಸಿದೆ. ಪ್ರತಿಧ್ವನಿ ನಿಂತಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಉದ್ಘಾಟನೆಯ ಹಿಂದಿನ ಮಧ್ಯಾಹ್ನ ತಾಲೀಮು. ಮೂರು ದಿನ ಹಿಡಿದಿದ್ದ ಜಿಟಿಜಿಟಿ ಮಳೆ ಬಿಟ್ಟು ಬಿಸಿಲು ಚುರುಗುಟ್ಟುತ್ತಿತ್ತು. ನೆರಳಿದ್ದದ್ದು ಪಡುವಲ ಗೋಡೆಯ ಬುಡದಲ್ಲಿ ಮಾತ್ರ. ಅಣ್ಣನಿಂದ ಆ ಗೋಡೆಯ ವಿಷಯ ಕೇಳಿದ್ದ ರಾಜಾಸಾಬರು ಅಲ್ಲಿ ನಿಲ್ಲಲು ಹಿಂದುಮುಂದು ನೋಡಿದರು. ಮೌಲಾಸಾಬರು ಪರದೆಯನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿ, "ನಿಂದ್ರೋ, ಸಾಹೇಬ್ರು ಸರಿ ಮಾಡಿಸ್ಯಾರ," ಎಂದರು. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಆ ಮಾತು ಕೇಳಿ ಹೆಮ್ಮೆಯಿಂದ ತಲೆಯಾಡಿಸಿದೆ.

ಮೌಲಾಸಾಬರು ದಪ್ಪು ಬಾರಿಸುತ್ತ ಮುಂದೆ ನಿಂತು ಮೊದಲ ಸಾಲು ಎತ್ತಿದರು. ತಮ್ಮ ಅದನ್ನು ಹಿಡಿಯುವುದರೊಳಗೆ ಪರದೆ ಸಮೇತ ಒಂದು ಪದರು ಬಂಡೆ ಜಾರಿ ಬಂತು. ರಾಜಾಸಾಬರನ್ನು ಹೊರಗೆ ತೆಗೆದಾಗ ಜೀವ ಇರಲಿಲ್ಲ.

"ಒಡಕ ದನಿ ಐತಿ ಅಂತ ಹೇಳಿದ್ನೆಲ್ರೀ ಸಾಹೇಬ್ರ..." ತಮ್ಮನ ತಲೆ ತೊಡೆಯ ಮೇಲಿಟ್ಟುಕೊಂಡು ಮೌಲಾಸಾಬರು ಕೇಳಿದರು.

"ಹಂಗಂದ್ರ ಏನ್ರಿ?" ಎಂದೆ ನಾನು, ಆವಾಗ.

"ಒಳಗ ಬಿರುಕು ಬಿಟ್ಟೈತಿ ಅಂತ್ರಿ. ಗಟ್ಟಿ ಕಲ್ಲು ಗಂಟಿಹಂಗ ನುಡಿತೈತ್ರಿ."

ಕೆಲಸ ಶುರುವಾಗುವಾಗ ಗೋಡೆಗಳ ತಪಾಸಣೆ ಆಗಿತ್ತು. ಆಮೇಲೆ ಬಿಟ್ಟ ಬಿರುಕನ್ನು ಕಂಡುಹಿಡಿದವರು ಇವರೊಬ್ಬರೇ. ಅದನ್ನು ನಾನು ಗೋಣಿತಟ್ಟಿನಿಂದ ಮುಚ್ಚಿದ್ದೆ. ಪರದೆಯ ಹಿಂದೆ ಬಿರುಕು ಸರಿಪಡಿಸಿದ್ದೇನೆಂದೇ ಅವರು ನಂಬಿದ್ದರು. ವಿಚಾರಣೆಯಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಶಿಕ್ಷೆಯಾಯಿತು, ಅದರ ಬಗ್ಗೆ ದೂರಿಲ್ಲ. ತಡೆದುಕೊಳ್ಳಲಾಗದ್ದು ಮೌಲಾಸಾಬರ ಹೇಳಿಕೆ: "ತಪ್ಪು ನಂದರಿ. ಸಾಹೇಬ್ರಿಗೆ ತಿಳಿಯುವಂಗ ಹೇಳಲಿಲ್ಲ. ತಮ್ಮಗ ಅಲ್ಲಿ ನಿಂದ್ರು ಅಂದಾಂವಾ ನಾನ." ನಾನು ಎದ್ದು ನಿಂತು, ಇಲ್ಲ, ತಪ್ಪು ನನ್ನದು ಎಂದೆ. ಅವರು ಒಪ್ಪಲಿಲ್ಲ. ಇವತ್ತಿಗೂ ಒಪ್ಪಿಲ್ಲ.

ಕಳೆದ ಮೊಹರಂಗೆ ಅವರ ಊರಿಗೆ ಹೋಗಿದ್ದೆ. ಮೊಹರಂ ದೇವರನ್ನು ಕೂಡಿಸುವ ಆಶುರಖಾನೆಯ ಮುಂದೆ ಮೌಲಾಸಾಬರು ಒಂದು ಸಾಲು ಎತ್ತಿದರು. ನಿಲ್ಲಿಸಿದರು. ತಮ್ಮ ಹಾಡಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಾದು ಮುಂದಿನ ಸಾಲು ಎತ್ತಿದರು. ನೆರೆದ ಜನರಲ್ಲಿ ಒಬ್ಬರೂ ನಡುವೆ ದನಿಗೂಡಿಸಲಿಲ್ಲ. ನಾನು ಹಿಂದೆ ನಿಂತು ಅತ್ತೆ.

ಮೂವತ್ತನಾಲ್ಕು ವರ್ಷದ ನೌಕರಿ ಕಲಿಸಿದ್ದು ಇಷ್ಟೇ: ಕಲ್ಲು ಮುಟ್ಟಿ ಬದುಕಿದವರು ಒಂದು ಮಾತು ಹೇಳಿದಾಗ, ತಿಳಿಯಿತು ಅನ್ನಿಸಿದರೂ, "ಹಂಗಂದ್ರ ಏನ್ರಿ?" ಎಂದು ಕೇಳಬೇಕು. ನಾನೂ ಕೇಳಿದೆ. ಒಂದು ತಿಂಗಳು ತಡವಾಗಿ ಕೇಳಿದೆ.